ಡಾಬಿನ ನಾಟಕದ ಐದನೆಯ ರೀಲು

ಜನವರಿ 18, ಗುರುವಾರ, ಬೆಳಿಗ್ಗೆ 10.20. ಬ್ಯಾಡಗಿ. ಕೋಲ್ಡ್ ಸ್ಟೋರೇಜಿನ ಒಳಗೆ ಆರು ಡಿಗ್ರಿ. ಡಬ್ಬಿ ಒಂಬತ್ತು. ಮೆಣಸಿನಕಾಯಿ ಘಾಟಿಗೆ ಸೀನು ಹನ್ನೊಂದು, ನನ್ನವು ಮಾತ್ರ.

ಡೈರಿಯ ಆ ಪುಟ ಹೀಗೆ ಶುರುವಾಗುತ್ತದೆ. ಹಳೆಯ ಫಿಲ್ಮುಗಳನ್ನು ಕಂಪ್ಯೂಟರಿಗೆ ಇಳಿಸುವ ಸಣ್ಣ ಸಂಸ್ಥೆಯೊಂದು ನನ್ನನ್ನು ಅಲ್ಲಿಗೆ ಕಳಿಸಿತ್ತು. ನಾನಿರುವುದು ಹಾವೇರಿಯಲ್ಲಿ. ಹತ್ತಿರದವಳು ಎಂಬುದಷ್ಟೇ ನನ್ನನ್ನು ಆರಿಸಲು ಕಾರಣ.

ಮೆಣಸಿನಕಾಯಿ ಚೀಲಗಳ ಹಿಂದೆ, ಗೋಡೆಗೆ ತಾಗಿಸಿ, ತಗಡಿನ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಕೋಲ್ಡ್ ಸ್ಟೋರೇಜಿನ ಸಾಹುಕಾರರ ಅಜ್ಜ ಟೂರಿಂಗ್ ಟಾಕೀಜ್ ನಡೆಸುತ್ತಿದ್ದರಂತೆ. ಮೋಟೆಬೆನ್ನೂರು, ಕರ್ಜಗಿ, ಗಳಗನಾಥದವರೆಗೂ ಚಕ್ಕಡಿಯ ಮೇಲೆ ಡೇರೆ ಹೋಗುತ್ತಿತ್ತಂತೆ. ಡೇರೆ ಮುಚ್ಚಿದ ಮೇಲೆ ಡಬ್ಬಿಗಳು ಮನೆಯ ಅಟ್ಟದಲ್ಲಿದ್ದವು. ಮುಂದೆ ಕೋಲ್ಡ್ ಸ್ಟೋರೇಜ್ ಕಟ್ಟಿದಾಗ ಸಾಹುಕಾರರ ತಂದೆ ಅವನ್ನು ತಂದು ಒಳಗಿಟ್ಟರು. ಯಾಕೆ ಎಂದು ಕೇಳಿದೆ.

“ಬಿಸಲಾಗ ಮೆಣಸಿನಕಾಯಿ ಬಣ್ಣನ ನಿಲ್ಲಂಗಿಲ್ಲ, ಸಿನಿಮಾ ನಿಂತೀತೇನು ಅಂತಿದ್ದ ನಮ್ಮಪ್ಪ,” ಎಂದರು ಸಾಹುಕಾರರು.

ಆ ಮನುಷ್ಯ ಫಿಲ್ಮಿನ ರಸಾಯನಶಾಸ್ತ್ರ ಓದಿದವರಲ್ಲ. ಆದರೆ ಹಳೆಯ ನೈಟ್ರೇಟ್ ಫಿಲ್ಮು ಉಳಿಯಬೇಕಾದರೆ ತಂಪು, ಕತ್ತಲೆ, ಒಣಗಾಳಿ ಮೂರೂ ಬೇಕು. ಬ್ಯಾಡಗಿಯ ಮೆಣಸಿನಕಾಯಿಗೆ ಬೇಕಾದದ್ದೂ ಅದೇ ಮೂರು.

ನೈಟ್ರೇಟಿನ ಇನ್ನೊಂದು ಗುಣವನ್ನೂ ಸಾಹುಕಾರರಿಗೆ ಹೇಳಲೇಬೇಕಿತ್ತು. ಅದಕ್ಕೆ ಬೆಂಕಿ ತಾಗಿದರೆ ನೀರಿನಲ್ಲೂ ಆರುವುದಿಲ್ಲ. ಅವರು ಸುತ್ತಲಿನ ಚೀಲಗಳನ್ನು ನೋಡಿದರು.

“ಇದು ಹೊತ್ತಿದ್ರ ಇಡೀ ಬ್ಯಾಡಗಿ ಸೀನತೈತ್ರಿ. ಹತ್ತು ದಿನ ತಗೋರಿ. ಇಪ್ಪತ್ತೇಳನೇ ತಾರೀಖಿಗೆ ಇಲ್ಲಿಂದ ಎಲ್ಲಾ ಹೊರಗ ಹೋಗಬೇಕು.”

ಅಂಥ ಸರಕನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ. ಹಾಗಾಗಿ ಸ್ಕ್ಯಾನರನ್ನೇ ಹಾವೇರಿಯಿಂದ ತಂದು ಕೋಲ್ಡ್ ಸ್ಟೋರೇಜಿನ ಆಫೀಸು ಕೋಣೆಯಲ್ಲಿ ಹೂಡಿದೆ. ಒಂಬತ್ತು ಡಬ್ಬಿಗಳಲ್ಲಿ ಎರಡು ಖಾಲಿ, ಒಂದರಲ್ಲಿ ಮೊಳೆ, ನಟ್ಟು. 7 ಎಂದು ಬಣ್ಣದಲ್ಲಿ ಬರೆದಿದ್ದ ಡಬ್ಬಿಯೊಳಗೆ ಫಿಲ್ಮು ಕಂದು ಪುಡಿಯಾಗಿತ್ತು. ಉಳಿದ ಐದರ ಮೇಲೆ 2ರಿಂದ 6ರವರೆಗೆ ಸಂಖ್ಯೆಗಳಿದ್ದವು. ಅಂದರೆ ಹೆಸರು ತೋರಿಸುವ ಮೊದಲ ರೀಲೂ ಇಲ್ಲ, ಕೊನೆಯ ರೀಲೂ ಇಲ್ಲ.

ತಂಪಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ಬಿಚ್ಚಿದರೆ ಫಿಲ್ಮಿನ ಮೇಲೆ ನೀರು ಕಟ್ಟುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊರಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಡಬೇಕು. ಆ ಬಿಡುವಿನಲ್ಲಿ, ಶುಕ್ರವಾರ, ಸಾಹುಕಾರರು ಹೇಳಿದ ವಿಳಾಸ ಹಿಡಿದು ರಾಣೆಬೆನ್ನೂರಿಗೆ ಹೋದೆ. ಅಲ್ಲೊಬ್ಬರು ಪೇಟಿ ಮಾಸ್ತರರಿದ್ದರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಮಾಸ್ತರರಿಗೆ ಎಂಬತ್ತಾರು ವರ್ಷ. ನಲವತ್ತು ವರ್ಷ ನಾಟಕ ಕಂಪನಿಗಳಲ್ಲಿ ಪೇಟಿ ನುಡಿಸಿದವರು. ಅವರ ತಂದೆ ಕಂಪನಿಯ ಹಾಸ್ಯನಟ. ಈ ಸಿನಿಮಾದಲ್ಲಿ ಆಳಿನ ಪಾತ್ರ ಮಾಡಿದ್ದರು. ಮಗನಿಗೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು.

ಕತೆ ಮಾಸ್ತರರಿಗೆ ಗೊತ್ತಿತ್ತು. ಸಿನಿಮಾ ಆಗುವ ಮೊದಲು ಅದು ನಾಟಕ. ಕಂಪನಿ ಊರಿಗೊಂದು ಹೆಸರಿನಲ್ಲಿ ಅದನ್ನು ಆಡುತ್ತಿತ್ತು. ಒಳಗಿನವರು ಮಾತ್ರ ಡಾಬಿನ ನಾಟಕ ಎನ್ನುತ್ತಿದ್ದರು. ದೇಸಾಯರ ವಾಡೆಯಲ್ಲಿ ಮದುವೆಯ ಹಿಂದಿನ ದಿನ ಮದುಮಗಳ ಸೊಂಟದ ಬಂಗಾರದ ಡಾಬು ಕಳವಾಗುತ್ತದೆ. ಪತ್ತೇದಾರನೆಂದು ಹೇಳಿಕೊಂಡು ಬಂದವನು ಮಂಚದ ಕೆಳಗೆ ಅಡಗಿ ನಿದ್ದೆ ಹೋಗುತ್ತಾನೆ. ಡಾಬು ನೀರಿನ ಹಂಡೆಯಲ್ಲಿ ಸಿಗುತ್ತದೆ. ಕಳ್ಳನನ್ನು ಹಿಡಿಯಲೆಂದು ಅದನ್ನು ಎಲ್ಲರೆದುರು ರೇಷ್ಮೆ ವಸ್ತ್ರ ಮುಚ್ಚಿ ಇಡುತ್ತಾರೆ. ಆಳಿಗೆ ಹಾಡು ಹೇಳು ಎನ್ನುತ್ತಾರೆ. ಹಾಡು ಮುಗಿದು ವಸ್ತ್ರ ಎತ್ತಿದರೆ ಡಾಬು ಮತ್ತೆ ಮಾಯ.

ಕಳ್ಳ ಯಾರೆಂದು ಕೇಳಿದ್ದಕ್ಕೆ ಮಾಸ್ತರರು ನಕ್ಕರು. ನೋಡಿ ಹಿಡಿಯಬೇಕೇ ಹೊರತು ಹೇಳಿಸಿಕೊಳ್ಳಬಾರದಂತೆ. ಆಮೇಲೆ ಗೋಡೆಯ ಮೇಲಿನ ಫೋಟೋ ತೋರಿಸಿದರು. ತೆಳ್ಳಗಿನ ಮುಖ, ಒಂದು ಹುಬ್ಬು ಮೇಲೆ.

“ಮಾರಿ ನೋಡೇನಿ ತಂಗಿ. ದನಿ ಕೇಳಿಲ್ಲ. ಅದರಾಗ ದನಿ ಐತೇನು?”

ಇನ್ನೂ ನೋಡಿಲ್ಲ ಎಂದೆ. ಇದ್ದರೆ ಫೋನಿನಲ್ಲಿ ಕೇಳಿಸಬಾರದು, ಮುಖದ ಜೊತೆಗೇ ಕೇಳಬೇಕು ಎಂದು ಅವರು ಎರಡು ಸಲ ಹೇಳಿದರು. ಡೈರಿಯಲ್ಲಿ ಅದನ್ನು ಬರೆದು ಕೆಳಗೆ ಗೆರೆ ಎಳೆದೆ.

20ರಿಂದ 22ರವರೆಗೆ ಮೂರು ರೀಲು ಮುಗಿದವು. ಮೊದಲು ಕೈಯಿಂದ ಸುತ್ತುತ್ತ ಅಂಚಿನ ತೂತುಗಳನ್ನು ಬೆರಳಲ್ಲಿ ಮುಟ್ಟಿ ನೋಡುವುದು. ಹರಿದಲ್ಲಿ ಅಂಟಿಸುವುದು. ಆಮೇಲೆ ಸ್ಕ್ಯಾನರಿಗೆ ಹಾಕಿ ಒಂದೊಂದೇ ಫ್ರೇಮಿನ ಚಿತ್ರ ತೆಗೆಯುವುದು. ಒಂದು ಅಡಿಗೆ ಹದಿನಾರು ಫ್ರೇಮು, ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು. ಚಿತ್ರದ ಪಕ್ಕದಲ್ಲೇ ಬೆರಳ ಉಗುರಿಗಿಂತ ಸಣ್ಣ ಪಟ್ಟಿಯೊಂದು ಓಡುತ್ತದೆ. ಅದರೊಳಗೆ ಬಿಳಿ ಗೆರೆಯೊಂದು ಅಗಲವಾಗುತ್ತ ಕಿರಿದಾಗುತ್ತ ಹೋಗುತ್ತದೆ. ಅದೇ ಧ್ವನಿ. ಭೂತಗನ್ನಡಿ ಹಿಡಿದರೆ ಮನುಷ್ಯನ ದನಿ ಕಣ್ಣಿಗೆ ಕಾಣುತ್ತದೆ. ಈ ಕೆಲಸ ಮಾಡಿ ಎಷ್ಟು ದಿನವಾದರೂ ಆ ಗೆರೆ ನೋಡುವಾಗ ನನ್ನ ಉಸಿರು ಸಣ್ಣಗಾಗುತ್ತದೆ.

ನಟರೆಲ್ಲ ಗೋಡೆಯಾಚೆ ಕೂತವರಿಗೆ ಕೇಳಿಸುವಂತೆ ಮಾತಾಡುತ್ತಿದ್ದರು. ಕ್ಯಾಮರಾ ಜಾಗ ಬಿಟ್ಟು ಅಲುಗುತ್ತಿರಲಿಲ್ಲ. ನಗೆಮಾತು ಬಂದ ಮೇಲೆ ಒಂದು ಕ್ಷಣ ಎಲ್ಲರೂ ಸುಮ್ಮನಿರುತ್ತಿದ್ದರು, ಎದುರಿನ ನಗು ನಿಲ್ಲಲಿ ಎಂದು. ಎದುರಿಗಿದ್ದದ್ದು ಬರೀ ಯಂತ್ರ. ಆದರೂ ಕಾದಿದ್ದರು.

23, ಮಂಗಳವಾರ, ಐದನೆಯ ರೀಲು ಬಿಚ್ಚಿದೆ. ಆಳಿನ ಹಾಡು ಅದರಲ್ಲೇ ಇತ್ತು. ಆದರೆ ಡಬ್ಬಿಯ ತಳದ ತುಕ್ಕು ತಾಗಿ, ಹಾಡಿನ ಉದ್ದಕ್ಕೂ ಧ್ವನಿಪಟ್ಟಿ ತಿಂದುಹೋಗಿತ್ತು. ಚಿತ್ರ ಚೆನ್ನಾಗಿತ್ತು, ದನಿ ಇರಲಿಲ್ಲ. ಮಾಸ್ತರರ ಪ್ರಶ್ನೆ ನೆನಪಾಗಿ ಸುತ್ತುವುದನ್ನು ನಿಲ್ಲಿಸಿದೆ.

ಮತ್ತೆ ಸುತ್ತಿದಾಗ ಅದೇ ಹಾಡು ಇನ್ನೊಮ್ಮೆ ಬಂತು. ಅದೇ ವಾಡೆ, ಅದೇ ಆಳು, ಹಿಂದೆ ಅದೇ ಐವರು ಕೂತಿದ್ದರು. ಇಲ್ಲಿ ಚಿತ್ರದ ಮೇಲೆ ಜೇನಿನ ಬಣ್ಣದ ಕಲೆಗಳು, ಅಂಟು. ಧ್ವನಿಪಟ್ಟಿ ಮಾತ್ರ ಪೂರ್ತಿ ಉಳಿದಿತ್ತು. ಅಳತೆ ಬರೆದುಕೊಂಡೆ. ಮೊದಲ ಸಲ 210 ಅಡಿ. ಎರಡನೇ ಸಲ 234. ಎರಡರ ನಡುವೆ ಆಳು ನಮ್ಮತ್ತ ನೋಡುತ್ತ ಸುಮ್ಮನೆ ನಿಂತ ಆರು ಸೆಕೆಂಡು. ಅದರ ಎದುರು ‘ಕತ್ತರಿಸಲು ಮರೆತಿದ್ದಾರೆ’ ಎಂದು ಬರೆದೆ.

ಡೇರೆಯವರು ಇನ್ನೊಂದು ಪ್ರತಿಯಿಂದ ಅದೇ ಹಾಡನ್ನು ತಂದು ಸೇರಿಸಿದ್ದಾರೆ ಎಂದುಕೊಂಡೆ. ಸಂಸ್ಥೆಯ ನಮ್ಮ ಹಿರಿಯರಿಗೆ ಫೋನು ಮಾಡಿದೆ. ಅವರಿಗೂ ಹಾಗೇ ಅನ್ನಿಸಿತು. ಚಿತ್ರ ಮೊದಲನೆಯದರಿಂದ, ದನಿ ಎರಡನೆಯದರಿಂದ ತೆಗೆದು ಒಂದೇ ಒಳ್ಳೆಯ ಹಾಡು ಮಾಡು, ಅಂಟಾದ ಭಾಗ ಮಿಕ್ಕ ರೀಲನ್ನೂ ಕೆಡಿಸುತ್ತದೆ, ಅದನ್ನು ಕತ್ತರಿಸಿ ನಾಶಕ್ಕೆ ಕೊಡು ಎಂದರು. ನಮ್ಮ ಕೆಲಸದಲ್ಲಿ ಇದು ದಿನವೂ ಮಾಡುವ ವಿಧಾನ. ಬುಧವಾರ ಆರನೆಯ ರೀಲು ಮುಗಿಸಿ, ಎರಡನೆಯ ಹಾಡಿನ ಧ್ವನಿಪಟ್ಟಿಯನ್ನಷ್ಟೇ ಸ್ಕ್ಯಾನ್ ಮಾಡಿದೆ, ಚಿತ್ರವನ್ನು ಬಿಟ್ಟೆ. 234 ಅಡಿ ಕತ್ತರಿಸಿ ಖಾಲಿ ಡಬ್ಬಿಗೆ ಹಾಕಿ, ಮೇಲೆ ನನ್ನ ಕೈಯಾರೆ ಬರೆದೆ: ‘ನಾಶಕ್ಕೆ. 27, ಸಂಜೆ 4ಕ್ಕೆ ಗಾಡಿ ಬರುತ್ತದೆ.’

ಆ ಸಂಜೆ ಹೆಡ್‌ಫೋನಿನಲ್ಲಿ ದನಿ ಕೇಳಿದೆ. ಮೊದಲು ಮಳೆ ಬಂದಂತೆ ಕರಕರ. ಆಮೇಲೆ ಪೇಟಿ. ಆಮೇಲೆ ಮೂಗಿನಿಂದ ಸ್ವಲ್ಪ, ಎದೆಯಿಂದ ಸ್ವಲ್ಪ ಬರುವ ಗಂಡುದನಿ: “ಡಾಬು ಹೋದರೇನು, ನಡುವಿದೆಯಲ್ಲ ನಮ್ಮವ್ವಾ.” ಎಂಬತ್ತಕ್ಕೂ ಹೆಚ್ಚು ವರ್ಷ ಯಾರ ಕಿವಿಗೂ ಬೀಳದ ದನಿ. ಅದನ್ನು ಕೇಳಬೇಕಾದವರಿಗಿಂತ ಮೊದಲು ನಾನು ಕೇಳಿದೆನಲ್ಲ ಎಂದು ನಾಚಿಕೆಯಾಗಿ ಹೆಡ್‌ಫೋನು ತೆಗೆದಿಟ್ಟೆ.

25 ಮತ್ತು 26 ವ್ಯರ್ಥವಾದವು. ದನಿ ತುಟಿಗೆ ಕೂಡುತ್ತಿರಲಿಲ್ಲ. ಮೊದಲ ಸಾಲು ಸರಿ, ಎರಡನೆಯ ಸಾಲಿಗೆ ತುಟಿ ಮುಂದೆ, ದನಿ ಹಿಂದೆ. ಕೊನೆಯಲ್ಲಿ ಹದಿನಾರು ಸೆಕೆಂಡಿನ ಅಂತರ. ಮೊದಲನೆಯದು ಹರಿದು ಹರಿದು ಫ್ರೇಮುಗಳು ಹೋಗಿರಬೇಕು ಎಂದು ದನಿಯನ್ನು ಅಲ್ಲಲ್ಲಿ ಕತ್ತರಿಸಿ ಕೂಡಿಸಿದೆ. ಹದಿನಾಲ್ಕು ಸಲ ಪ್ರಯತ್ನಿಸಿದ್ದು ಲೆಕ್ಕದಲ್ಲಿದೆ. ಕೊನೆಗೆ ಅದರಲ್ಲಿ ಹರಿದು ಅಂಟಿಸಿದ ಜಾಗಗಳನ್ನು ಎಣಿಸಿದೆ. ಮೂರೇ ಇದ್ದವು. ಮೂರು ಹರಕಿನಲ್ಲಿ 384 ಫ್ರೇಮು ಹೋಗುವುದಿಲ್ಲ. 210, 234. ವ್ಯತ್ಯಾಸ 24 ಅಡಿ, ಅಂದರೆ ಅದೇ ಹದಿನಾರು ಸೆಕೆಂಡು. ನನ್ನ ಡೈರಿಯಲ್ಲೇ ಎರಡು ಅಂಕಿ ಅಕ್ಕಪಕ್ಕ ಕೂತಿದ್ದವು, ನಾನೇ ಅವುಗಳ ಮಾತು ಕೇಳಿರಲಿಲ್ಲ.

27, ಶನಿವಾರ, ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ರಾಣೆಬೆನ್ನೂರಿಗೆ ಹೋದೆ. ಹಾಡಿನ ಲಯ ಗೊತ್ತಿದ್ದವರು ಅವರೊಬ್ಬರೇ. ದನಿಯಿಲ್ಲದ ಮೊದಲ ಹಾಡನ್ನಷ್ಟೇ ತೋರಿಸುತ್ತೇನೆ ಎಂದೆ. ಒಪ್ಪಿದರು. ಪೇಟಿ ತೆಗೆದು ಮುಂದಿಟ್ಟುಕೊಂಡರು.

ಪರದೆಯ ಮೇಲೆ ತಂದೆ ಬಂದರು. ಮಾಸ್ತರರು ಆ ತುಟಿಯನ್ನೇ ನೋಡುತ್ತ ಎಡಗೈಯಿಂದ ಗಾಳಿ ಹಾಕಿ ಬಲಗೈಯಿಂದ ನುಡಿಸಲು ಶುರು ಮಾಡಿದರು. ಎಂಬತ್ತಾರು ವರ್ಷದ ಮಗ ಮೂವತ್ತು ದಾಟದ ತಂದೆಗೆ ಸಾಥ್ ಕೊಡುತ್ತಿದ್ದ. ಒಂದು ಕಡೆಯೂ ತಪ್ಪಲಿಲ್ಲ. ನನ್ನ ಎರಡು ದಿನದ ಹದಿನಾಲ್ಕು ಪ್ರಯತ್ನ ಕೂಡಿಸದಿದ್ದುದನ್ನು ಆ ಬೆರಳುಗಳು ಮೊದಲ ಸಲಕ್ಕೇ ಕೂಡಿಸಿದವು.

ಹಾಡು ಮುಗಿಯಿತು. ಆಳು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ, ಎರಡು ಹೆಜ್ಜೆ ಹಿಂದೆ ಸರಿದ, ನಮ್ಮನ್ನೇ ನೋಡುತ್ತ ನಿಂತ. ನಾನು ಕತ್ತರಿಸಬೇಕೆಂದಿದ್ದ ಆರು ಸೆಕೆಂಡು. ಮಾಸ್ತರರು ಮಗುವಿನ ಹಾಗೆ ನಕ್ಕುಬಿಟ್ಟರು.

“ವನ್ಸ್ ಮೋರ್ ತಗೊಳಾಕತ್ತಾನ ತಂಗಿ. ನಮ್ಮ ಮಂದಿ ವನ್ಸ್ ಮೋರ್ ಅಂತ ಒದರಲಿ ಅಂತ ನಿಂತಾನ.”

ಕಂಪನಿ ನಾಟಕದಲ್ಲಿ ಹಾಡು ಮೆಚ್ಚಿದರೆ ಜನ ವನ್ಸ್ ಮೋರ್ ಎಂದು ಕೂಗುತ್ತಾರೆ, ನಟ ಮತ್ತೆ ಹಾಡುತ್ತಾನೆ. ಅದು ನನಗೂ ಗೊತ್ತಿತ್ತು. ಸಿನಿಮಾದಲ್ಲೂ ಅದಕ್ಕೆ ಜಾಗ ಬಿಟ್ಟಾರು ಎಂದು ಹೊಳೆದಿರಲಿಲ್ಲ. ಹಾಗಾದರೆ ಎರಡನೆಯದು ಪ್ರತಿಯಲ್ಲ. ನಿಜವಾಗಿ ಎರಡನೆಯ ಸಲ ಹಾಡಿದ್ದು.

ಎರಡನೆಯ ಸಲ ಲಯ ಇಳಿಸುವುದು ರೂಢಿಯಂತೆ, ಜನ ಮಾತು ಹಿಡಿಯಲಿ ಎಂದು. ಹದಿನಾರು ಸೆಕೆಂಡು ಅದಕ್ಕೇ ಹೆಚ್ಚು. ಮಾಸ್ತರರು ಇನ್ನೊಂದು ಮಾತು ಹೇಳಿದರು.

“ಡಾಬಿನ ನಾಟಕದಾಗ ಕಳವಾಗೋದ ಎರಡನೇ ಸಲ ಹಾಡುವಾಗ. ಮಂದಿ ಎಲ್ಲಾ ನಮ್ಮಪ್ಪನ್ನ ನೋಡತಿರತಾರ. ನೀ ನಮ್ಮಪ್ಪನ್ನ ನೋಡಬ್ಯಾಡ. ಹಿಂದ ಕುಂತಾರಲ್ಲ, ಅವರ ಕೈ ನೋಡು.”

ಆ ಚಿತ್ರವನ್ನು ನಾನು ಸ್ಕ್ಯಾನ್ ಮಾಡಿರಲಿಲ್ಲ. ಅದು ನಾಶದ ಡಬ್ಬಿಯಲ್ಲಿತ್ತು. ಗಂಟೆ 1.50.

ಸಾಹುಕಾರರಿಗೆ ಫೋನು ಮಾಡಿದೆ. ಗಾಡಿಗೆ ಸುಲಭವಾಗಲಿ ಎಂದು ಹಮಾಲರು ಮಧ್ಯಾಹ್ನವೇ ಡಬ್ಬಿಯನ್ನು ಹೊರಗೆ, ಲಾರಿ ತೂಗುವ ವೇ ಬ್ರಿಜ್ಜಿನ ಹತ್ತಿರ ಇಟ್ಟಿದ್ದರು. ಬಿಸಿಲಿನಲ್ಲಿ. ಬಿಚ್ಚಬೇಡಿ, ನೆರಳಿಗೆ ಒಯ್ದು ಮೇಲೆ ಹಸಿ ಗೋಣಿ ಹಾಕಿರಿ ಎಂದು ಕೇಳಿಕೊಂಡೆ. ಬಸ್ಸು ಮೋಟೆಬೆನ್ನೂರಿನಲ್ಲಿ ಒಂಬತ್ತು ನಿಮಿಷ ನಿಂತಿತು. 3.35ಕ್ಕೆ ಬ್ಯಾಡಗಿ ತಲುಪಿದಾಗ ಸಾಹುಕಾರರು ಡಬ್ಬಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಅವರಿಗೆ ಎಲ್ಲ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಹತ್ತು ದಿನದ ಮಾತು ಮುಗಿದಿತ್ತು, ಇನ್ನು ಒಂದು ದಿನವೂ ಕೇಳುವ ಮುಖ ನನಗಿರಲಿಲ್ಲ. ಅವರು ಕೇಳಿದ್ದು ಒಂದೇ.

“ಕಳ್ಳ ಯಾರು ಅಂತ ಇದರಾಗ ಐತೇನ್ರಿ?”

ಇರಬೇಕು ಎಂದೆ.

“ಹಂಗಾದ್ರ ಕಳ್ಳ ಸಿಗೋತನಕ ಗಾಡಿ ವಾಪಸ್ ಹೋಗಲಿ.”

ಬಿಸಿಲಿಗೆ ಹೊರಸುತ್ತು ಒಂದಕ್ಕೊಂದು ಹತ್ತಿಕೊಂಡಿತ್ತು. ಮೊದಲ 38 ಅಡಿಯನ್ನು ಬಿಡಿಸಲಾಗಲಿಲ್ಲ. ಎಳೆದರೆ ಚಿತ್ರವೇ ಕಿತ್ತು ಪಕ್ಕದ ಸುತ್ತಿಗೆ ಅಂಟುತ್ತಿತ್ತು. ಉಳಿದ 196 ಅಡಿಯನ್ನು ಬಿದಿರಿನ ಕಡ್ಡಿಯಿಂದ ಅಂಗುಲ ಅಂಗುಲವಾಗಿ ಬಿಡಿಸಿ, ಭಾನುವಾರ ಸಂಜೆಯ ಹೊತ್ತಿಗೆ 3,136 ಫ್ರೇಮು ಸ್ಕ್ಯಾನ್ ಮಾಡಿದೆ. ಹೋದದ್ದು 608. ಇಪ್ಪತ್ತೈದು ಸೆಕೆಂಡಿನ ಮುಖ. ಅದರ ದನಿ ಮಾತ್ರ ಬುಧವಾರವೇ ಸಿಕ್ಕಿತ್ತು.

ಸಾಹುಕಾರರು ನನ್ನ ಹಿಂದೆ ನಿಂತು ನೋಡಿದರು. ಹಿಂದಿನ ಸಾಲಿನಲ್ಲಿ ಮದುಮಗಳ ಸೋದರಮಾವ, ಮನೆಯ ದೊಡ್ಡ ಮನುಷ್ಯ, ಬೆತ್ತ ಹಿಡಿದು ಕೂತಿದ್ದಾನೆ. ಮೊದಲ ಹಾಡಿನಲ್ಲಿ ಬೆತ್ತದ ಮೇಲೆ ಎರಡು ಕೈ. ಎರಡನೆಯ ಹಾಡಿನಲ್ಲಿ, ಜೇನುಬಣ್ಣದ ಕಲೆಗಳ ನಡುವೆ, ಬೆತ್ತದ ಮೇಲೆ ಒಂದೇ ಕೈ. ಇನ್ನೊಂದು ಪಕ್ಕದ ರೇಷ್ಮೆ ವಸ್ತ್ರದ ಕೆಳಗೆ. ಮುಂದೆ ಆಳು ಸೊಂಟ ಕುಣಿಸುತ್ತಿದ್ದಾನೆ. ನಾನು ಫ್ರೇಮು ನಿಲ್ಲಿಸಿ ಕೈಗಳನ್ನು ಮೂರು ಸಲ ಎಣಿಸಿದೆ.

ಯಾರೋ ಕೂತು ಇದನ್ನು ಯೋಚಿಸಿದ್ದರು. ಜನ ಒಮ್ಮೆ ನೋಡಿ ತೃಪ್ತರಾದರೆ ಕಳ್ಳ ಸಿಗುವುದಿಲ್ಲ, ಇನ್ನೊಮ್ಮೆ ಬೇಕೆಂದು ಕೇಳಿದವರ ಕಣ್ಣೆದುರೇ ಕಳವಾಗುತ್ತದೆ. ಮಾತನಾಡುವ ಸಿನಿಮಾ ಇನ್ನೂ ಹೊಸದಾಗಿದ್ದಾಗ ಅವರು ಅದನ್ನು ಯಂತ್ರದೊಳಗೂ ಇಟ್ಟರು, ಎದುರಿಗೆ ಜನ ಇದ್ದೇ ಇರುತ್ತಾರೆ ಎಂಬ ನಂಬಿಕೆಯಿಂದ.

ಸೋಮವಾರ ಹಿರಿಯರೊಡನೆ ಒಂದು ಗಂಟೆ ವಾದವಾಯಿತು. ಮೊದಲ ಹಾಡಿಗೆ ಎರಡನೆಯದರ ದನಿಯನ್ನು ಲಯ ಏರಿಸಿ ಕೂಡಿಸಬಹುದು, ಈಗಿನ ಯಂತ್ರಗಳಿಗೆ ಅದು ಕಷ್ಟವಲ್ಲ ಎಂದರು. ನಿಜವೇ. ಆದರೆ ಅದು ಆ ಮುಖ ಹಾಡಿದ ದನಿಯಾಗುವುದಿಲ್ಲ. ಮೊದಲನೆಯದನ್ನು ಮೂಕವಾಗಿಯೇ ಬಿಡುತ್ತೇನೆ, ಎರಡನೆಯದರ ಹೋದ ಚಿತ್ರದ ಜಾಗದಲ್ಲಿ ಕಪ್ಪು ಪರದೆ ಇಡುತ್ತೇನೆ, ಆರು ಸೆಕೆಂಡನ್ನು ಮುಟ್ಟುವುದಿಲ್ಲ ಎಂದೆ. ಕೊನೆಗೆ, ನಿನ್ನ ಹೆಸರಿನಲ್ಲಿ ಬರೆದಿಡು ಎಂದರು. ಬರೆದಿಟ್ಟೆ. ಅಂದು ಸಂಜೆ ಬೇರೆ ಊರಿನ ಸುರಕ್ಷಿತ ಉಗ್ರಾಣದಿಂದ ಬಂದ ಗಾಡಿಗೆ ಉಳಿದ ರೀಲುಗಳ ಡಬ್ಬಿಗಳನ್ನು ಏರಿಸಿದೆ. ನಾಶಕ್ಕೆ ಹೋದದ್ದು ಪುಡಿಯಾದ ಡಬ್ಬಿ ಮತ್ತು 38 ಅಡಿ.

ಫೆಬ್ರವರಿ 4, ಭಾನುವಾರ, ಮಧ್ಯಾಹ್ನ 3. ಮಾಸ್ತರರ ಮನೆಯ ಪಡಸಾಲೆ. ಕಿಟಕಿಗಳಿಗೆ ಕಂಬಳಿ, ಗೋಡೆಗೆ ಬಿಳಿ ಧೋತರ. ಜನ ಹದಿನಾಲ್ಕು, ಸಾಹುಕಾರರು ಸೇರಿ. ಅವರು ತಮಗೆ ಕಳ್ಳ ಗೊತ್ತಿದೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದರು, ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟೋಪಿ ಸರಿಮಾಡಿಕೊಂಡು ಮುಂದೆ ಕೂತರು. ಇಪ್ಪತ್ತೈದು ಸೆಕೆಂಡು ಮುಖ ಕಾಣುವುದಿಲ್ಲ, ಅದು ನನ್ನಿಂದ ಆದದ್ದು ಎಂದು ಅವರಿಗೆ ಮೊದಲೇ ಹೇಳಿದೆ. ಆಗಲಿ ಎನ್ನುವಂತೆ ತಲೆಯಾಡಿಸಿದರು.

ಐದನೆಯ ರೀಲು ಬಂತು. ಆಳು ಮೂಕವಾಗಿ ಹಾಡಿದ. ಇವತ್ತು ಮಾಸ್ತರರು ಪೇಟಿ ಮುಟ್ಟಲಿಲ್ಲ. ಹಾಡು ಮುಗಿದು ಆಳು ಮುಖ ಒರೆಸಿಕೊಂಡ, ಎರಡು ಹೆಜ್ಜೆ ಹಿಂದೆ ಸರಿದು ನಮ್ಮತ್ತ ನೋಡುತ್ತ ನಿಂತ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಒಂದು, ಎರಡು, ಮೂರು.

“ವನ್ಸ್ ಮೋರ್,” ಎಂದರು ಮಾಸ್ತರರು. ಕೂಗಲಿಲ್ಲ. ಎದುರು ಕೂತವರಿಗೆ ಹೇಳುವ ಹಾಗೆ ಹೇಳಿದರು.

ಆಳು ತಲೆ ಬಾಗಿಸಿದ. ಪರದೆ ಕಪ್ಪಾಯಿತು. ಕತ್ತಲೆಯೊಳಗಿಂದ ಕರಕರ, ಪೇಟಿ, ಆಮೇಲೆ ಆ ದನಿ. ಮಾಸ್ತರರ ಕೈ ಮೊಣಕಾಲಿನ ಮೇಲೆ ತಾಳ ಹಿಡಿಯಿತು, ನಿಂತಿತು. ಇಪ್ಪತ್ತೈದು ಸೆಕೆಂಡು ಇಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕಲೆಗಳ ನಡುವಿನಿಂದ ಮುಖ ಮೂಡಿತು, ಒಂದು ಹುಬ್ಬು ಮೇಲೆ, ತುಟಿ ಮತ್ತು ದನಿ ಒಂದೇ.

ಮುಗಿದ ಮೇಲೆ ಸಾಹುಕಾರರು ಎಲ್ಲರನ್ನೂ ಕೇಳುತ್ತ ಬಂದರು, ಬೆತ್ತದ ಮೇಲಿನ ಕೈ ಕಂಡಿತೇ ಎಂದು. ಹದಿನಾಲ್ಕರಲ್ಲಿ ಕಂಡವರು ಇಬ್ಬರು. ಮಾಸ್ತರರು ತಾವು ಹಿಂದೆ ನೋಡಲೇ ಇಲ್ಲ ಎಂದರು.

ಕಪ್ಪಾದ ಹೊತ್ತಿನ ಬಗ್ಗೆ ಮತ್ತೊಮ್ಮೆ ಕ್ಷಮೆ ಕೇಳಲು ಅವರ ಹತ್ತಿರ ಕೂತೆ. ಅವರು ನನ್ನ ಮಾತು ಮುಗಿಯಗೊಡಲಿಲ್ಲ.

“ಕಂಪನ್ಯಾಗ ಹಂಗ ಬರೋದು ತಂಗಿ. ಮೊದಲ ಪರದೆ ಬಾಜೂಕ ವಿಂಗಿನ್ಯಾಗಿಂದ ದನಿ ಕೇಳಬೇಕು. ಆಮ್ಯಾಲ ಮನಷ್ಯಾ ಬರಬೇಕು. ನಮ್ಮಪ್ಪ ಹಾಡ್ಕೋತ ಬಂದ.”

ಅಂದಿನ ಪುಟದಲ್ಲಿ ಇದೊಂದನ್ನು ಮಾತ್ರ ಎಣಿಕೆಯಿಲ್ಲದೆ ಬರೆದಿದ್ದೇನೆ.

ಸಿನಿಮಾದ ಹೆಸರು ಇನ್ನೂ ಗೊತ್ತಿಲ್ಲ. ಒಂದನೆಯ ಮತ್ತು ಏಳನೆಯ ರೀಲು, ಅದರ ಹಾಡುಪುಸ್ತಕ, ಒಂದು ಹರಿದ ಕರಪತ್ರ, ಯಾವುದಾದರೂ ಯಾರದಾದರೂ ಅಟ್ಟದಲ್ಲಿ ಇರಬಹುದು. ಬೆತ್ತ ಹಿಡಿದ ಸೋದರಮಾವನ ಪಾತ್ರ ಮಾಡಿದವರು ಯಾರೆಂದೂ ತಿಳಿದಿಲ್ಲ. ಅವರ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದುತ್ತಿದ್ದರೆ, ಅಥವಾ ಮನೆಯ ಹಿರಿಯರ ಬಾಯಲ್ಲಿ ಡಾಬಿನ ನಾಟಕದ ಮಾತು ಕೇಳಿದವರಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಡಬ್ಬಿ ಸಿಕ್ಕರೆ ಬಿಚ್ಚಬೇಡಿ, ಬಿಸಿಲಿಗೆ ಇಡಬೇಡಿ. ನಾನೇ ಬರುತ್ತೇನೆ.